ಬಳ್ಳಾರಿ ಬಿಸಿಲೂ ಥರ್ಮೋಸ್ಟಾಟ್ ಎಂಬ ಬಡಪಾಯಿಯೂ

“ಬಳ್ಳಾರಿ ಬಿಸಿಲಿಗೆ ಥರ್ಮೋಸ್ಟಾಟ್ ಯಾಕ್ರೀ ಸಾರ್? ಅದು ಚಳಿ ದೇಶದವರಿಗೆ. ಕಿತ್ತು ಒಗೀರಿ, ಗಾಡಿ ತಣ್ಣಗಿರ್ತದ.” ಹಳೆಯ ಕಾರು ಇಟ್ಟುಕೊಂಡವರಿಗೆ ಈ ಸಲಹೆ ಬಳ್ಳಾರಿ ಪೇಟೆಯಲ್ಲೂ ಸಿಗುತ್ತದೆ, ಸಿರುಗುಪ್ಪದ ಟ್ರ್ಯಾಕ್ಟರ್ ಶೆಡ್ಡಿನಲ್ಲೂ ಸಿಗುತ್ತದೆ, ಕುರುಗೋಡಿನ ದೊಡ್ಡಬಸವಣ್ಣನ ಜಾತ್ರೆಯಲ್ಲಿ ಪಕ್ಕಕ್ಕೆ ಗಾಡಿ ನಿಲ್ಲಿಸಿದವರ ಬಾಯಲ್ಲೂ ಸಿಗುತ್ತದೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಆದರೆ ಮಾತು ಪೂರ್ತಿ ತಪ್ಪು. ಈ ಒಂದು ನಂಬಿಕೆ ಹಾಳುಮಾಡಿದಷ್ಟು ಹಳೆಯ ಎಂಜಿನ್‌ಗಳನ್ನು ಬಿಸಿಲು ತಾನಾಗಿ ಹಾಳುಮಾಡಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಹಳೆಯ ಎಂಜಿನ್‌ಗಳಲ್ಲಿ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನವೂ ಸೇರಿವೆ. ಬ್ರಿಟಿಷ್ ಸ್ಪೋರ್ಟ್ಸ್ ಕಾರು ಅಂದಕೂಡಲೇ ಅದು ನಮ್ಮೂರಿನ ವಿಷಯವಲ್ಲ ಎನ್ನುವವರಿಗೆ ಮೊದಲು ಒಂದು ಮಾತು. 1955ರಲ್ಲಿ ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು ಬಿಎಂಸಿ ಕಂಪನಿಯ 1489 ಸಿಸಿಯ ಬಿ-ಸೀರೀಸ್ ಎಂಜಿನ್. ನಮ್ಮ ಪೆಟ್ರೋಲ್ ಅಂಬಾಸಿಡರ್‌ನ ಬಾನೆಟ್ ಅಡಿ ವರ್ಷಾನುಗಟ್ಟಲೆ ಓಡಿದ್ದೂ ಅದೇ ವಂಶದ, ಅದೇ 1489 ಸಿಸಿಯ ಎಂಜಿನ್. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ 1961ರಿಂದ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ. ಅದರ ಚಾಸಿಯನ್ನು ಗಿಡ್ಡಮಾಡಿ, ಅದರದೇ ಮುಂದಿನ ಸಸ್ಪೆನ್ಷನ್ ಮತ್ತು ಸ್ಟಿಯರಿಂಗ್ ಇಟ್ಟು, 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಮಾಡಿದರು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. ಹೀಗಾಗಿ ಹಿತ್ತಲ ಶೆಡ್ಡಿನಲ್ಲಿ ಹೆರಾಲ್ಡ್ ಬಿಚ್ಚಿ ಕೂತವರು ಸ್ಪಿಟ್‌ಫೈರ್ ಕೆಲಸವನ್ನೇ ಮಾಡುತ್ತಿದ್ದಾರೆ. ಸ್ಪಿಟ್‌ಫೈರ್‌ನ ಮುಂದಿನ ಡಿಸ್ಕ್ ಬ್ರೇಕು ಹೆರಾಲ್ಡ್‌ಗೆ ಕೂರುತ್ತದೆ. ಮನೆಯಲ್ಲಿ ಮಾಡಬಹುದಾದ ಸುಧಾರಣೆಗಳಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ಈಗ ಥರ್ಮೋಸ್ಟಾಟ್ ವಿಷಯಕ್ಕೆ ಬರೋಣ. ಅದು ನೀರಿಗೆ ಅಡ್ಡ ನಿಲ್ಲುವ ಬಿರಡೆ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಅದೊಂದು ಬಾಗಿಲು, ಒಳಗೆ ಮೇಣದ ಗುಳಿಗೆಯೊಂದಿರುತ್ತದೆ. ನೀರು 82 ಡಿಗ್ರಿ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತದೆ, ಆಮೇಲೆ ಮೇಣ ಕರಗಿ ಹಿಗ್ಗಿ ಬಾಗಿಲು ತಳ್ಳುತ್ತದೆ. ಎಂಜಿನ್ 90 ಡಿಗ್ರಿ ದಾಟಿದಾಗ ಅದು ತೆರೆದೇ ಇರುತ್ತದೆ. ಅಂದಮೇಲೆ ಮೇ ತಿಂಗಳ ಮಧ್ಯಾಹ್ನ ರಾಯಲ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಕುದಿಯುವ ಕಾರಿನ ಥರ್ಮೋಸ್ಟಾಟ್ ಸರಿಯಾಗಿದ್ದರೆ ಅದು ಆಗಲೇ ತನ್ನ ಕೆಲಸ ಮುಗಿಸಿ ಪಕ್ಕಕ್ಕೆ ಸರಿದಿದೆ. ತೆರೆದ ಬಾಗಿಲನ್ನು ಕಿತ್ತರೆ ಯಾವ ಲಾಭ?

ನಷ್ಟ ಮಾತ್ರ ಇದೆ. ಡಿಸೆಂಬರ್ ಬೆಳಗ್ಗೆ ಅರ್ಧ ತಾಸು ಓಡಿಸಿದರೂ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಚೋಕ್ ಹೆಚ್ಚು ಹೊತ್ತು ಬೇಕು, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸುಡದೇ ಉಳಿದ ಪೆಟ್ರೋಲು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ರಿಂಗ್ ಸವೆಸುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ನೋಡಿ. ಹಾಲಿನ ಕೆನೆಯಂಥ ಬಿಳಿ ಲೋಳೆ ಅಂಟಿದ್ದರೆ ಆಯಿಲಿನ ತೇವ ಆರುವಷ್ಟು ಎಂಜಿನ್ ಕಾಯುತ್ತಿಲ್ಲ ಎಂದೇ ಹೆಚ್ಚಿನ ಸಲ ಅರ್ಥ. ಅದೇ ಲೋಳೆ ಕಂಡು “ಹೆಡ್ ಗ್ಯಾಸ್ಕೆಟ್ ಹೋಗಿದೆ” ಎಂದು ಸುಮ್ಮನೆ ಹೆಡ್ ಇಳಿಸಿದವರೂ ಇದ್ದಾರೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ, ಗಾಡಿ ಇನ್ನೂ ಹೆಚ್ಚು ಕಾಯುತ್ತದೆ. ಬ್ರಿಟನ್ನಿನ ರೇಸಿನವರು ಬಿಎಂಸಿ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆಗೆದರೆ ಆ ಜಾಗ ಬರಿದು ಬಿಡುತ್ತಿರಲಿಲ್ಲ, ಅದಕ್ಕೆಂದೇ ಮಾಡಿದ ಲೋಹದ ತೋಳು ಕೂರಿಸುತ್ತಿದ್ದರು.

ಥರ್ಮೋಸ್ಟಾಟ್ ಇಡಿ ಎನ್ನುವವರಲ್ಲೂ ಒಂದು ತಪ್ಪು ಕಲ್ಪನೆ ಇದೆ. “ನೀರು ಜೋರಾಗಿ ಓಡಿದರೆ ರೇಡಿಯೇಟರ್‌ನಲ್ಲಿ ತಣಿಯಲು ಪುರುಸೊತ್ತು ಸಿಗುವುದಿಲ್ಲ” ಎನ್ನುತ್ತಾರೆ. ಅದೂ ಸುಳ್ಳು. ಹರಿವು ಹೆಚ್ಚಿದರೆ ಶಾಖ ಸಾಗುವುದೂ ಹೆಚ್ಚುತ್ತದೆ.

ಹಾಗಾದರೆ ಬಿಸಿಲಿನದು ಏನೂ ಇಲ್ಲವೇ? ಇದೆ, ಲೆಕ್ಕ ಹಾಕಿ ನೋಡೋಣ. ರೇಡಿಯೇಟರ್ ನೀರು 90 ಡಿಗ್ರಿ, ಇಂಗ್ಲೆಂಡಿನ ಬೇಸಿಗೆಯ ಗಾಳಿ 25 ಡಿಗ್ರಿ ಎಂದಿಟ್ಟುಕೊಂಡರೆ ಅಂತರ 65. ನಮ್ಮಲ್ಲಿ ಗಾಳಿ 42 ಡಿಗ್ರಿ ಇದ್ದ ದಿನ ಅಂತರ 48. ಅಂದರೆ ರೇಡಿಯೇಟರ್ ಹೊರಹಾಕುವ ಶಾಖ ಸುಮಾರು ಕಾಲು ಭಾಗ ಕಡಿಮೆ. ಹೊಸ ಸ್ಥಿತಿಯ ರೇಡಿಯೇಟರ್ ಇದನ್ನು ತಾಳುತ್ತದೆ. ಎಂಜಿ, ಟ್ರಯಂಫ್ ಸ್ಪೋರ್ಟ್ಸ್ ಕಾರುಗಳನ್ನು ಅತಿ ಹೆಚ್ಚು ಕೊಂಡದ್ದು ಅಮೆರಿಕದವರು, ಕ್ಯಾಲಿಫೋರ್ನಿಯಾದಲ್ಲೂ ಬಿಸಿಲಿದೆ. ತಾಳಲಾಗದ್ದು ಅರ್ಧ ಕಟ್ಟಿಕೊಂಡ ರೇಡಿಯೇಟರ್. ಅದನ್ನು ಕಟ್ಟಿಸಿದ್ದು ಬಿಸಿಲಲ್ಲ, ಬೋರ್ ನೀರು.

ನಮ್ಮ ಕಡೆ ಬೋರ್‌ವೆಲ್ ನೀರಿನ ಗಡಸುತನ ಯಾವ ಮನೆಯವರಿಗೂ ಹೇಳಿಕೊಡಬೇಕಿಲ್ಲ, ಗೀಜರ್ ಕಾಯಿಲ್ ನೋಡಿದರೆ ಸಾಕು. ಅದೇ ನೀರನ್ನು ಬಾಟಲಿಯಲ್ಲಿ ಹಿಡಿದು ರೇಡಿಯೇಟರ್‌ಗೆ ಸುರಿಯುತ್ತೇವೆ. ಹಳೆಯ ಎಂಜಿನ್ ಬ್ಲಾಕಿನ ಪಕ್ಕದಲ್ಲಿರುವ ಕೋರ್ ಪ್ಲಗ್ ಎಂಬ ಲೋಹದ ಮುಚ್ಚಳವೊಂದನ್ನು ಹೊಡೆದು ತೆಗೆಯಿರಿ, ಆಗ ನಾನು ಏಕೆ ಇಷ್ಟು ರೇಗುತ್ತೇನೆ ಎಂಬುದು ತಿಳಿಯುತ್ತದೆ. ಕೊನೆಯ ಸಿಲಿಂಡರ್ ಸುತ್ತ ನೀರು ಹರಿಯಬೇಕಾದ ಜಾಗದಲ್ಲಿ ತುಕ್ಕು ಮತ್ತು ಸುಣ್ಣ ಸೇರಿದ ಕಂದು ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಬೆರಳಿಗೆ ಬಗ್ಗುವುದಿಲ್ಲ, ತಂತಿ ಹಾಕಿ ಕೆರೆದು, ಪೈಪಿನ ನೀರು ಬಿಟ್ಟು, ಮತ್ತೆ ಕೆರೆಯಬೇಕು. ಥರ್ಮೋಸ್ಟಾಟ್ ಕಿತ್ತವರಾರೂ ಈ ಪ್ಲಗ್ ತೆಗೆದು ನೋಡಿದವರಲ್ಲ.

ರೇಡಿಯೇಟರ್‌ನ ಹೊರಗಿನ ಜಾಲರಿಯದು ಇನ್ನೊಂದು ಕಥೆ. ಬಳ್ಳಾರಿ ಸುತ್ತ ಅದಿರಿನ ಕೆಂಪು ಧೂಳು, ಸಿರುಗುಪ್ಪದ ಕಡೆ ಭತ್ತದ ಹೊಟ್ಟು. ಭತ್ತ ಕಟಾವಿನ ಯಂತ್ರ ಓಡಿಸುವ ಹುಡುಗರು ದಿನಾ ಗಾಳಿ ಹೊಡೆದು ರೇಡಿಯೇಟರ್ ಸ್ವಚ್ಛ ಮಾಡುತ್ತಾರೆ, ಮಾಡದಿದ್ದರೆ ಯಂತ್ರ ಗದ್ದೆಯಲ್ಲೇ ನಿಲ್ಲುತ್ತದೆಂದು ಅವರಿಗೆ ಗೊತ್ತು. ಕಾರಿನವರು ಮಾತ್ರ ಬಾನೆಟ್ಟಿಗೆ ಪಾಲಿಶ್ ಹೊಡೆದು ಸುಮ್ಮನಾಗುತ್ತಾರೆ.

“ಕೂಲೆಂಟ್ ಹಿಮ ಬೀಳುವ ಕಡೆ ಬೇಕು, ನಮಗೆ ನೀರು ಸಾಕು” ಎಂಬುದು ಥರ್ಮೋಸ್ಟಾಟ್ ನಂಬಿಕೆಯದೇ ತಮ್ಮ. ಕೂಲೆಂಟ್ ಕುದಿಯುವ ಬಿಂದುವನ್ನು ಏರಿಸುತ್ತದೆ, ತುಕ್ಕು ತಡೆಯುತ್ತದೆ. ಮೂರನೇ ಒಂದು ಪಾಲು ಕೂಲೆಂಟ್, ಉಳಿದದ್ದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಸಾಕು. ಕೂಲೆಂಟ್ ವಿಷ, ಸಿಹಿ ರುಚಿ ಬೇರೆ, ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗಬಾರದು. 7 ಪೌಂಡಿನ ರೇಡಿಯೇಟರ್ ಮುಚ್ಚಳದ ರಬ್ಬರ್ ಸರಿಯಿದ್ದರೆ ಕುದಿಯುವ ಬಿಂದು ಇನ್ನೂ ಹತ್ತು ಡಿಗ್ರಿ ಮೇಲೇರುತ್ತದೆ. ಸವೆದ ಮುಚ್ಚಳ ಬದಲಿಸುವುದಕ್ಕಿಂತ ಅಗ್ಗದ ರಿಪೇರಿ ಇಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡುವ ಅಗತ್ಯವಿಲ್ಲ. ಸೀಸವಿಲ್ಲದ ಪೆಟ್ರೋಲಿಗೆ ಹಳೆಯ ಎಂಜಿನ್ ಸಾಯುತ್ತದೆ ಎನ್ನುತ್ತಾರೆ. ಸೀಸದ ಪೆಟ್ರೋಲು ದೇಶದಲ್ಲಿ 2000ದಲ್ಲೇ ನಿಂತಿತು, ಗಾಡಿಗಳು ಓಡುತ್ತಲೇ ಇವೆ. ಹೆಡ್ ಇಳಿಸಿದಾಗ ಗಟ್ಟಿ ವಾಲ್ವ್ ಸೀಟ್ ಹಾಕಿಸಿದರೆ ಆ ಚಿಂತೆ ಮುಗಿಯಿತು. ಎಥನಾಲ್ ಬೆರೆತ ಇ20 ಬಗ್ಗೆ ಭಯದಲ್ಲಿ ಅರ್ಧ ಸತ್ಯವಿದೆ: ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಬದಲಿಸಲೇಬೇಕು, ಕಾರ್ಬುರೇಟರ್‌ನಲ್ಲಿ ಪೆಟ್ರೋಲಿನ ಪಾಲು ಸ್ವಲ್ಪ ಹೆಚ್ಚಿಸಬೇಕು, ಇಲ್ಲದಿದ್ದರೆ ಅದೇ ಕಾರಣಕ್ಕೆ ಎಂಜಿನ್ ಕಾಯುತ್ತದೆ. ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿದ, ಅಂದರೆ ಪ್ಲಸ್ ಅರ್ಥ್ ಇರುವ ಗಾಡಿಯನ್ನು ಮೈನಸ್ ಅರ್ಥ್‌ಗೆ ತರಲು ಇಡೀ ವೈರಿಂಗ್ ಬದಲಿಸಬೇಕೆಂಬುದು ಸುಳ್ಳು. ಹದಿನೈದು ವರ್ಷವಾದ ಕಾರು ಗುಜರಿಗೇ ಎಂಬುದೂ ಸುಳ್ಳು, ಅದು ದಿಲ್ಲಿ ಸುತ್ತಿನ ನಿಯಮದ ಗಾಳಿಸುದ್ದಿ. ಇಲ್ಲಿ ಫಿಟ್‌ನೆಸ್ ಪಾಸಾದರೆ ನೋಂದಣಿ ನವೀಕರಣವಾಗುತ್ತದೆ. 50 ವರ್ಷ ದಾಟಿದ ಮೂಲ ರೂಪದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಇದೆ. ಆದರೆ ಬೇರೆ ಎಂಜಿನ್ ಕೂರಿಸಿದರೆ, ಚಾಸಿ ಬದಲಿಸಿದರೆ ಆ ಹಕ್ಕು ಹೋಗುತ್ತದೆ. ಸುಧಾರಣೆಯ ಉತ್ಸಾಹದಲ್ಲಿ ಇದನ್ನು ಮರೆಯಬೇಡಿ.

ನನಗೆ ಬೇಸರವಾಗುವುದು ಒಂದು ಬಿಡಿಭಾಗದ ಬಗ್ಗೆ ಮಾತ್ರ ಅಲ್ಲ. ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜ್ ಬರುತ್ತದೆ ಎಂಬ ವಾಟ್ಸಾಪ್ ವಿಡಿಯೊ ನಂಬಿ ದುಡ್ಡು ಕೊಡುವವರು ಇಂಜಿನಿಯರಿಂಗ್ ಓದಿದವರೇ. ಯಾರೋ ಹೇಳಿದರೆಂದು ಒಪ್ಪುತ್ತೇವೆ, ಅಳೆದು ನೋಡುವವನನ್ನು ಮೊಂಡ ಎನ್ನುತ್ತೇವೆ. ಥರ್ಮೋಸ್ಟಾಟ್ ಪರೀಕ್ಷೆಗೆ ಒಂದು ಪಾತ್ರೆ ನೀರು, ದಾರ, ಥರ್ಮಾಮೀಟರ್ ಸಾಕು. ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು ಒಲೆ ಹಚ್ಚಿ. ಅದರ ಮೇಲೆ 82 ಎಂದು ಅಚ್ಚೊತ್ತಿದ್ದರೆ ಅಷ್ಟು ಡಿಗ್ರಿಯ ಆಸುಪಾಸಿನಲ್ಲೇ ಹಿತ್ತಾಳೆ ತಟ್ಟೆ ಮೆಲ್ಲಗೆ ಮೇಲೇಳುವುದು ಕಣ್ಣಿಗೆ ಕಾಣುತ್ತದೆ. ತೆರೆಯದಿದ್ದರೆ ಅದು ಕೆಟ್ಟಿದೆ, ಹೊಸದು ಹಾಕಿ.

ಕಿತ್ತು ಒಗೆದವರು ಮಾರ್ಚ್ ಬರುವುದರೊಳಗೆ ಬ್ಲಾಕ್ ತೊಳೆಸಿ, ರೇಡಿಯೇಟರ್ ಬಿಚ್ಚಿಸಿ ಕ್ಲೀನ್ ಮಾಡಿಸಿ, 82 ಡಿಗ್ರಿಯ ಥರ್ಮೋಸ್ಟಾಟ್ ವಾಪಸ್ ಕೂರಿಸಿ. ಬೋರ್ ನೀರನ್ನು ಮಾತ್ರ ಇನ್ನೊಮ್ಮೆ ಅದರೊಳಗೆ ಸುರಿಯಬೇಡಿ.