ದೊಡ್ಡ ಸೆನ್ಸರಿನ ಕ್ಯಾಮೆರಾ ಮತ್ತು ಸಣ್ಣ ಊರಿನ ಸ್ಟುಡಿಯೋ

ಒಂದು ರೋಲಿಗೆ ಹನ್ನೆರಡೇ ಚಿತ್ರ. 120 ಫಿಲಂ ಬಳಸುತ್ತಿದ್ದ ಯಾಶಿಕಾ, ರೋಲಿಕಾರ್ಡ್ ಮುಂತಾದ ಎರಡು ಲೆನ್ಸಿನ ಕ್ಯಾಮೆರಾಗಳ ಮಿತಿ ಅದಾಗಿತ್ತು. ಧಾರೆಯ ಮುಹೂರ್ತಕ್ಕೆಂದು ಮೂರು ನಾಲ್ಕು ಚಿತ್ರಗಳನ್ನು ಉಳಿಸಿಕೊಂಡೇ ಛಾಯಾಗ್ರಾಹಕನು ಮಂಟಪದ ಬಳಿ ನಿಲ್ಲುತ್ತಿದ್ದನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಿರಿಯ ಸ್ಟುಡಿಯೋ ಮಾಲೀಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಹೆಸರಿನಿಂದ ಕರೆಯದಿದ್ದರೂ ಅಂದು ಬಳಕೆಯಲ್ಲಿದ್ದುದು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾವೇ.

ಅದರ ಡಿಜಿಟಲ್ ರೂಪವು ಈಗ ಸಾಲ ಮಾಡಿಯಾದರೂ ಕೊಳ್ಳಬಹುದಾದ ಬೆಲೆಗೆ ಇಳಿದಿದೆ. ಕೊಳ್ಳಬೇಕೇ ಎಂಬುದು ಪ್ರಶ್ನೆ.

ಸಾಮಾನ್ಯ ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36x24 ಮಿ.ಮೀ. ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ ಮತ್ತು ಹ್ಯಾಸೆಲ್‌ಬ್ಲಾಡ್ ಎಕ್ಸ್ ಶ್ರೇಣಿಯದು ಸುಮಾರು 44x33 ಮಿ.ಮೀ., ಅಂದರೆ ವಿಸ್ತೀರ್ಣದಲ್ಲಿ 1.7 ಪಟ್ಟು. (ಹಳೆಯ 120 ಫಿಲಂನ ಚೌಕದ ಮುಂದೆ ಇದು ಅರ್ಧಕ್ಕೂ ಕಡಿಮೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.) 2010ರಲ್ಲಿ ಬಂದ ಪೆಂಟಾಕ್ಸ್ 645ಡಿ 40 ಮೆಗಾಪಿಕ್ಸೆಲ್‌ನದು. 2019ರ ಜಿಎಫ್‌ಎಕ್ಸ್ 100 ಅದನ್ನು 102ಕ್ಕೆ ಏರಿಸಿತು. ಜೊತೆಗೆ ಕೈನಡುಕವನ್ನು ಸರಿಪಡಿಸುವ ವ್ಯವಸ್ಥೆಯನ್ನೂ ವೇಗದ ಆಟೋಫೋಕಸ್ ಅನ್ನೂ ತಂದಿತು. 2025ರ ಹ್ಯಾಸೆಲ್‌ಬ್ಲಾಡ್ ಎಕ್ಸ್2ಡಿ 2 ಚಲಿಸುವ ವ್ಯಕ್ತಿಯನ್ನು ಹಿಂಬಾಲಿಸುವ ಫೋಕಸ್ ಹೊಂದಿದೆ. ಸ್ಟ್ಯಾಂಡಿನ ಮೇಲೆ ಕುಳಿತಿದ್ದ ಯಂತ್ರವು ಕೈಗೆ ಬಂದಿತು. ಮುಂದಿನ ದಿಕ್ಕೂ ಇದೇ. ಇದಕ್ಕಿಂತ ದೊಡ್ಡ ಸೆನ್ಸರ್ ತಯಾರಿಸುವ ಫೇಸ್ ಒನ್ ಸಂಸ್ಥೆಯಾದರೋ ವೈಮಾನಿಕ ಸರ್ವೇಕ್ಷಣೆ ಮತ್ತು ಪರಂಪರೆಯ ದಾಖಲೀಕರಣದ ಕಡೆಗೆ ಹೆಚ್ಚು ಹೊರಳಿದೆ.

ಬೆಲೆಯ ಇಳಿತ ಗಮನಾರ್ಹ. 2019ರಲ್ಲಿ ಜಿಎಫ್‌ಎಕ್ಸ್ 100ರ ಬೆಲೆ ಅಮೆರಿಕದಲ್ಲಿ 10,000 ಡಾಲರ್. ಅಷ್ಟೇ ಮೆಗಾಪಿಕ್ಸೆಲ್‌ನ 100ಎಸ್ 2021ರಲ್ಲಿ 6,000 ಡಾಲರಿಗೂ, ಅದರ ಎರಡನೆಯ ಆವೃತ್ತಿ 2024ರಲ್ಲಿ 5,000 ಡಾಲರಿಗೂ ಬಂದವು. ಕೊಳ್ಳಲಿರುವವರಿಗೆ ಇದು ಶುಭವಾರ್ತೆ. ಮೊದಲೇ ಕೊಂಡವರಿಗೆ ಅಲ್ಲ.

ಇನ್ನು ಅಗತ್ಯದ ಲೆಕ್ಕ. 12x36 ಅಂಗುಲದ ಕರಿಜ್ಮಾ ಆಲ್ಬಂನ ಒಂದು ಪುಟ 12x18 ಅಂಗುಲ. ಅಂಗುಲಕ್ಕೆ 300 ಚುಕ್ಕೆಯಂತೆ ಮುದ್ರಿಸಲು ಬೇಕಾಗುವುದು 3600x5400, ಅಂದರೆ 20 ಮೆಗಾಪಿಕ್ಸೆಲ್‌ಗೂ ತುಸು ಕಡಿಮೆ. ಬಿ.ಎಂ. ರಸ್ತೆಯ ಬದಿಯಲ್ಲಿ ನಿಲ್ಲಿಸುವ 20x10 ಅಡಿಯ ಫ್ಲೆಕ್ಸಿಗೆ, ದೂರದಿಂದ ನೋಡುವಂಥದಾದ್ದರಿಂದ, ಅಂಗುಲಕ್ಕೆ 30 ಚುಕ್ಕೆ ಸಾಕು. ಅದೂ 26 ಮೆಗಾಪಿಕ್ಸೆಲ್ ಮಾತ್ರ. ಸ್ಟುಡಿಯೋದಲ್ಲಿ ಈಗಾಗಲೇ ಇರುವ 24 ಮೆಗಾಪಿಕ್ಸೆಲ್ ಕ್ಯಾಮೆರಾ ಈ ಎರಡನ್ನೂ ನಿಭಾಯಿಸುತ್ತದೆ. ನೂರು ಮೆಗಾಪಿಕ್ಸೆಲ್‌ನ ಒಂದು ಚಿತ್ರವು ಸಂಕುಚನವಿಲ್ಲದ ರಾ ರೂಪದಲ್ಲಿ ಸುಮಾರು 200 ಎಂಬಿ. ಒಂದು ಮದುವೆಗೆ 3,000 ಚಿತ್ರ ತೆಗೆದರೆ 600 ಜಿಬಿ. ಕಂಪ್ಯೂಟರು, ಹಾರ್ಡ್‌ಡಿಸ್ಕುಗಳ ಖರ್ಚು ಕ್ಯಾಮೆರಾದ ಬಿಲ್ಲಿನಲ್ಲಿ ಕಾಣುವುದಿಲ್ಲ.

ಹಾಗಾದರೆ ಇದು ಯಾರಿಗೆ? ಜಿಲ್ಲೆಯಲ್ಲಿಯೇ ಉತ್ತರವಿದೆ. ಬೇಲೂರು, ಹಳೇಬೀಡುಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 13ನೆಯ ಶತಮಾನದ ಹೊಯ್ಸಳ ದೇಗುಲವಿದೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವು 2018ರ ನಂತರ ಹನ್ನೆರಡು ವರ್ಷಗಳ ಕ್ರಮದಂತೆ 2030ಕ್ಕೆ ಬರಬೇಕು. ಶಿಲ್ಪದ ಸೂಕ್ಷ್ಮ ಕೆತ್ತನೆ, ತಾಳೆಗರಿಯ ಅಕ್ಷರ, ಆಭರಣದ ಕ್ಯಾಟಲಾಗ್, ಗೋಡೆಯಗಲದ ಮುದ್ರಣ: ದೊಡ್ಡ ಸೆನ್ಸರಿಗೆ ಕೂಲಿ ಸಿಗುವುದು ಇಂಥ ಕೆಲಸದಲ್ಲಿ. ಆದರೆ ಈ ಕೆಲಸಗಳು ಲಗ್ನದ ತಿಂಗಳುಗಳಂತೆ ವರ್ಷ ವರ್ಷವೂ ತಾವಾಗಿಯೇ ಬರುವುದಿಲ್ಲ, ಹುಡುಕಿಕೊಂಡು ಹೋಗಬೇಕು. ಅಂಥ ಆರ್ಡರು ಕೈಯಲ್ಲಿಲ್ಲದವರು ಬೆಂಗಳೂರಿನಿಂದ ದಿನಬಾಡಿಗೆಗೆ ತರುವುದೇ ಲೇಸು. ನಾಲ್ಕು ಊರಿನ ನಾಲ್ವರು ಸೇರಿ ಒಂದನ್ನು ಕೊಳ್ಳುವ ಆಲೋಚನೆ ಆಕರ್ಷಕವೇನೋ ಹೌದು. ಆದರೆ ಮುಹೂರ್ತಗಳೆಲ್ಲ ಒಂದೇ ದಿನ ಬೀಳುವಾಗ ಕ್ಯಾಮೆರಾ ಯಾರ ಪಾಲಿಗೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಸ್ನೇಹವೂ ಹೋದೀತು.

ಕ್ಯಾಮೆರಾ, ಲೆನ್ಸ್ ಸೇರಿ ತೆರಿಗೆ ಬಿಟ್ಟು 6,00,000 ರೂ. ಎಂದಿಟ್ಟುಕೊಳ್ಳೋಣ. ಇಷ್ಟನ್ನು ಶೇ. 12ರ ಬಡ್ಡಿಗೆ ಮೂರು ವರ್ಷದ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 19,900 ರೂ. ಆದಾಯ ತೆರಿಗೆಯಲ್ಲಿ ಕ್ಯಾಮೆರಾಕ್ಕೆ ಸವಕಳಿ ಶೇ. 15 ಮಾತ್ರ, ಮೂರು ವರ್ಷದ ಕೊನೆಗೆ ಪುಸ್ತಕದಲ್ಲಿ 3,68,475 ರೂ. ಉಳಿದಿರುತ್ತದೆ. ಹೊಸ ಮಾದರಿ ಬಂದಿದ್ದರೆ ಪೇಟೆಯಲ್ಲಿ ಅಷ್ಟು ಹುಟ್ಟುವ ಭರವಸೆಯಿಲ್ಲ.

ಡಿಜಿಟಲ್ ಕ್ಯಾಮೆರಾದ ಜಿಎಸ್‌ಟಿ 2019ರ ಜನವರಿ 1ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಮೇಲಿನ ಬೆಲೆಗೆ ಅದು 1,08,000 ರೂ. ಸಾಮಾನ್ಯ ನೋಂದಣಿಯುಳ್ಳ ಸ್ಟುಡಿಯೋ ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು, ಬಿಲ್ಲು ಅಂಗಡಿಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯಲ್ಲಿದ್ದರೆ ಮಾತ್ರ. ಕಾಂಪೊಸಿಷನ್ ಆಯ್ದುಕೊಂಡವರಿಗೂ ನೋಂದಣಿ ಇಲ್ಲದವರಿಗೂ ಆ ಹಣ ಖರ್ಚೇ ಸರಿ. ಜಮೆ ಪಡೆದ ತೆರಿಗೆಯ ಮೊತ್ತಕ್ಕೆ ಮತ್ತೆ ಸವಕಳಿ ಕೇಳುವಂತಿಲ್ಲ.

ದೀಪಾವಳಿಯ ರಿಯಾಯಿತಿಗಾಗಿ ಕಾಯುವವರು ಇನ್ನೊಂದನ್ನೂ ಎಣಿಸಬೇಕು. ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಆಸ್ತಿಗೆ ಮೊದಲ ವರ್ಷ ಅರ್ಧ ಸವಕಳಿ ಮಾತ್ರ ದೊರೆಯುತ್ತದೆ. ಅಕ್ಟೋಬರಿನ ಮೊದಲ ದಿನಗಳು ಕಳೆದ ಮೇಲೆ ಬಳಕೆಗೆ ತಂದ ಕ್ಯಾಮೆರಾಕ್ಕೆ 90,000 ರೂ. ಬದಲು 45,000 ರೂ.