ದೆವ್ವ ಕೇಳುವ ಲೆಕ್ಕ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೊರಟ ರೈಲು ಅಜ್ಜಂಪುರವನ್ನು ದಾಟಿ ಶಿವನಿಯನ್ನು ಮುಟ್ಟುತ್ತದೆ. ರಾತ್ರಿಯ ಗಾಡಿ ಬಂದುಹೋದ ಮೇಲೆ ಇಂತಹ ಸಣ್ಣ ನಿಲ್ದಾಣಗಳ ಸುತ್ತ ಉಳಿಯುವ ಕತ್ತಲೆ ಪಟ್ಟಣಿಗರು ಕಂಡರಿಯದ ಕತ್ತಲೆ. ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಇಂತಹ ಊರುಗಳ ಪ್ರೇಕ್ಷಕನಿಗೆ ದೆವ್ವದ ಚಿತ್ರವೆಂದರೆ ಒಂದೇ ಟಿಕೀಟಿಗೆ ಎರಡು ಆಟ. ಮೊದಲನೆಯದು ಡೇರೆಯೊಳಗೆ ನೆಲದ ಮೇಲೆ ಕುಳಿತು ನೋಡುವುದು. ಎರಡನೆಯದು ಆಟ ಬಿಟ್ಟ ಮೇಲೆ ತೋಟದ ಬದಿಯ ದಾರಿಯಲ್ಲಿ ಮನೆ ಸೇರುವವರೆಗೆ ನಡೆಯುವುದು. ತೆರೆಯ ಮೇಲಿನ ದೆವ್ವವನ್ನು ಕಂಡು ಗಹಗಹಿಸಿ ನಕ್ಕವನೇ ದಾರಿಯಲ್ಲಿ ಗೆಳೆಯನ ಕೈ ಹಿಡಿಯುತ್ತಿದ್ದನು.

ಇಂದು ಆ ಡೇರೆಗಳು ಮರೆಯಾಗಿವೆ. ಊರಿನ ಹುಡುಗ ಅಂಗೈಯಗಲದ ಮೊಬೈಲಿನಲ್ಲಿ ಯಾವ ದೇಶದ ಚಿತ್ರವನ್ನಾದರೂ ನೋಡಬಲ್ಲ. ಆದರೆ ಓದುಬರಹ ಬಲ್ಲ ಮನೆಗಳಲ್ಲಿ ಭಯಾನಕ ಚಿತ್ರಗಳಿಗೆ ಇಂದಿಗೂ ಮರ್ಯಾದೆಯಿಲ್ಲ. "ಬಣ್ಣ ಬಳಿದ ಮುಖ, ಕಿರುಗುಟ್ಟುವ ಬಾಗಿಲು, ಬಿಳಿಯ ಸೀರೆ, ಇದರಲ್ಲಿ ನೋಡುವುದೇನಿದೆ?" ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವೂ ಉಂಟು.

ಮರುಳುಗಳ ಕೊಂಕು

ನಾಟ್ಯಶಾಸ್ತ್ರದಲ್ಲಿ ಭರತನು ಎಣಿಸಿದ ಎಂಟು ರಸಗಳಲ್ಲಿ ಭಯಾನಕ, ಬೀಭತ್ಸ, ಅದ್ಭುತ ಮೂರೂ ಸೇರಿವೆ. ಶೃಂಗಾರ ವೀರಗಳ ಪಂಕ್ತಿಯಲ್ಲಿಯೇ ಅವುಗಳಿಗೂ ಎಲೆ ಹಾಕಿದ್ದಾನೆ. ಕನ್ನಡದ ಕವಿಗಳೂ ಅವನ್ನು ಹೊರಗಿಟ್ಟವರಲ್ಲ. 1209ರಲ್ಲಿ ಜನ್ನನು ರಚಿಸಿದ 'ಯಶೋಧರ ಚರಿತೆ'ಯ ಕಥೆ ಬಿಚ್ಚಿಕೊಳ್ಳುವುದು ಚಂಡಮಾರಿಯ ಗುಡಿಯಲ್ಲಿ, ಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರ ಬಾಯಿಂದ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ಕಾಲೆಳೆಯುತ್ತ ಹೋಗುವಾಗ ರಣಭೂಮಿಯ ಮರುಳುಗಳು ಅವನನ್ನು ಹಂಗಿಸುತ್ತವೆ. 'ಮರುಳು' ಎಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ತನ್ನವರನ್ನೆಲ್ಲ ಸಾವಿಗೆ ಒಪ್ಪಿಸಿದ ಅರಸನ ಎದುರಿನಲ್ಲಿ ನಿಜವಾದ ಮರುಳು ಯಾರೆಂಬುದೇ ಆ ಸನ್ನಿವೇಶದ ಕೊಂಕು.

ಭಯಾನಕ ರಸದ ಗುಟ್ಟು ಇಲ್ಲಿಯೇ ಇದೆ. ಕಥೆಯ ದೆವ್ವ ಸುಮ್ಮನೆ ಬರುವುದಿಲ್ಲ. ತೀರದೆ ಉಳಿದ ಲೆಕ್ಕವೊಂದನ್ನು ಕೇಳಲು ಬರುತ್ತದೆ. ದೆವ್ವ ಉಂಟೋ ಇಲ್ಲವೋ ಎಂಬ ಚರ್ಚೆಯನ್ನು ಬದಿಗಿಟ್ಟು, ಅನ್ಯಾಯವಾದದ್ದು ಯಾರಿಗೆ ಎಂದು ಕೇಳುತ್ತ ಕುಳಿತವನಿಗೆ ಒರಟಾದ ಚಿತ್ರವೂ ಏನನ್ನೋ ಹೇಳುತ್ತದೆ.

ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಕಥೆಗಾರ 'ಆನಂದ', ಎಂದರೆ ಅಜ್ಜಂಪುರ ಸೀತಾರಾಂ ಅವರು ಬರೆದ 'ನಾನು ಕೊಂದ ಹುಡುಗಿ'ಯಲ್ಲಿ ದೆವ್ವವೇ ಇಲ್ಲ. ಬಸವಿ ಬಿಟ್ಟ ಹುಡುಗಿಯೊಬ್ಬಳು ಮನೆಗೆ ಬಂದ ವಿದ್ಯಾವಂತ ಅತಿಥಿಯ ಬುದ್ಧಿಮಾತು ಕೇಳಿ ಪ್ರಾಣ ಕಳೆದುಕೊಳ್ಳುತ್ತಾಳೆ. ಕೊಂದವನು ಯಾರೆಂಬುದನ್ನು ಶೀರ್ಷಿಕೆಯೇ ಒಪ್ಪಿಕೊಂಡುಬಿಡುತ್ತದೆ. ಪುಸ್ತಕ ಮುಚ್ಚಿದ ಮೇಲೂ ಆ ಹುಡುಗಿ ಓದುಗನ ಬೆನ್ನು ಬಿಡುವುದಿಲ್ಲ. ಒಳ್ಳೆಯ ಭಯಾನಕ ಚಿತ್ರ ಮಾಡುವ ಕೆಲಸವೂ ಇದೇ.

ಬಿಡಲಾರೆ ಎಂದವರು ಯಾರು?

ಕನ್ನಡದಲ್ಲಿ ದೆವ್ವದ ಚಿತ್ರವೆಂದೊಡನೆ ಹಿರಿಯರಿಗೆ ನೆನಪಾಗುವುದು 1979ರ 'ನಾ ನಿನ್ನ ಬಿಡಲಾರೆ'. ವಿಜಯ್ ಅವರ ನಿರ್ದೇಶನ, ಅನಂತನಾಗ್, ಲಕ್ಷ್ಮಿ ಅವರ ಅಭಿನಯ, ರಾಜನ್-ನಾಗೇಂದ್ರರ ಸಂಗೀತ. ಸತ್ತ ಕಾಮಿನಿ ಎಂಬವಳು ಕೃಷ್ಣನ ಮೈಮೇಲೆ ಬರುತ್ತಾಳೆ. ಹೆಂಡತಿ ಗಾಯತ್ರಿ ಅವನನ್ನು ಉಳಿಸಿಕೊಳ್ಳಲು ಹೆಣಗುತ್ತಾಳೆ.

ಲೋಕರೂಢಿಯಲ್ಲಿ ಮೈಮೇಲೆ ಬರುವುದು ಹೆಚ್ಚಾಗಿ ಹೆಂಗಸರಿಗೆ. ಇಲ್ಲಿ ಗಂಡಸಿನ ಮೈಯೊಳಗೆ ಹೆಣ್ಣೊಬ್ಬಳು ನೆಲಸುತ್ತಾಳೆ. ಆ ಕಾಲದ ನಾಯಕನಟರಲ್ಲಿ ಎಷ್ಟು ಮಂದಿ ಇಂತಹ ಪಾತ್ರಕ್ಕೆ ಒಪ್ಪುತ್ತಿದ್ದರು? ಶೀರ್ಷಿಕೆಯನ್ನು ಇನ್ನೊಮ್ಮೆ ಓದಬೇಕು. 'ನಾ ನಿನ್ನ ಬಿಡಲಾರೆ' ಎನ್ನುವವಳು ದೆವ್ವವೋ, ಧರ್ಮಪತ್ನಿಯೋ? ಇಬ್ಬರ ಬಾಯಲ್ಲಿಯೂ ಆ ಮಾತು ಒಪ್ಪುತ್ತದೆ. ಪ್ರೀತಿ ಎಲ್ಲಿ ಮುಗಿದು ಹಿಡಿತ ಎಲ್ಲಿ ಮೊದಲಾಗುತ್ತದೆ ಎಂಬ ಸಂದೇಹವನ್ನು ಮೂರು ಪದಗಳು ಹುಟ್ಟಿಸಿಬಿಡುತ್ತವೆ. 1981ರಲ್ಲಿ ಈ ಕಥೆ 'ಮಂಗಳಸೂತ್ರ' ಎಂಬ ಹೆಸರಿನಲ್ಲಿ ಹಿಂದಿಗೂ ಹೋಯಿತು.

ಅಗ್ಗದ ಚಿತ್ರ, ದುಬಾರಿ ಪ್ರಶ್ನೆ

ಗಲ್ಲಾಪೆಟ್ಟಿಗೆಯ ಲೆಕ್ಕಕ್ಕಿಂತ, ಮತ್ತೆ ಮತ್ತೆ ನೋಡುವ ಭಕ್ತರ ಬಳಗದಿಂದ ಬದುಕುವ ಚಿತ್ರವನ್ನು 'ಕಲ್ಟ್' ಚಿತ್ರವೆಂದು ಕರೆಯುವುದುಂಟು. ಇವುಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ಜಾರ್ಜ್ ರೊಮೆರೊ 1968ರಲ್ಲಿ ಬಹಳ ಕಡಿಮೆ ಹಣದಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದ 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಚಿತ್ರದ ಹೆಸರನ್ನು ಬದಲಾಯಿಸುವ ಗಡಿಬಿಡಿಯಲ್ಲಿ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಅದರಿಂದ ಯಾರು ಬೇಕಾದರೂ ಅದನ್ನು ತೋರಿಸುವಂತಾಯಿತು. ನಿರ್ಮಾಪಕರಿಗೆ ನಷ್ಟ, ಚಿತ್ರಕ್ಕೆ ಚಿರಾಯುಷ್ಯ!

ಸತ್ತವರು ಎದ್ದು ಬಂದ ರಾತ್ರಿ ಕೆಲವರು ಹಳ್ಳಿಮನೆಯೊಂದರಲ್ಲಿ ಅಡಗುತ್ತಾರೆ. ಬೆಳಗಿನವರೆಗೆ ಬದುಕಿ ಉಳಿಯುವವನು ಡುವೇನ್ ಜೋನ್ಸ್ ನಟಿಸಿದ ಕರಿಯ ನಾಯಕ ಒಬ್ಬನೇ. ಹೆಣಗಳಿಂದ ಪಾರಾದ ಅವನನ್ನು, ಹೆಣವೆಂದೇ ಬಗೆದು, ರಕ್ಷಣೆಗೆ ಬಂದ ಬದುಕಿರುವವರೇ ಗುಂಡಿಟ್ಟು ಕೊಲ್ಲುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದದ್ದು ಅದೇ ವರ್ಷದ ಏಪ್ರಿಲಿನಲ್ಲಿ. ಆ ದೇಶದ ಪ್ರೇಕ್ಷಕರು ಅಕ್ಟೋಬರಿನಲ್ಲಿ ತೆರೆಕಂಡ ಈ ಚಿತ್ರದ ಕೊನೆಯನ್ನು ಬರಿಯ ದೆವ್ವದ ಕಥೆಯೆಂದು ನೋಡುವುದು ಹೇಗೆ ಸಾಧ್ಯವಿತ್ತು?

ಕನ್ನಡದ ಪವನ್ ಕುಮಾರ್ 2016ರಲ್ಲಿ ನಿರ್ದೇಶಿಸಿದ 'ಯು ಟರ್ನ್' ಇಂಥದೇ ಲೆಕ್ಕವನ್ನು ಬೆಂಗಳೂರಿನ ನಡುಬೀದಿಗೆ ತಂದಿತು. ಮೇಲ್ಸೇತುವೆಯ ನಡುವೆ ಇಟ್ಟ ಅಡ್ಡಗಲ್ಲುಗಳನ್ನು ಸರಿಸಿ ವಾಹನ ತಿರುಗಿಸಿಕೊಂಡು ಹೋಗುವುದು ಅದರಲ್ಲಿ ನಡೆಯುವ ಪಾಪ. ಆಫೀಸಿಗೆ ಹೊತ್ತಾಯಿತೆಂದು ಯಾವ ಸಭ್ಯ ಗೃಹಸ್ಥನಾದರೂ ಮಾಡಬಹುದಾದ ಕೆಲಸ. ಸರಿಸಿದ ಕಲ್ಲು ದಾರಿಯಲ್ಲಿ ಉಳಿದು ಇನ್ನೊಬ್ಬರ ಪ್ರಾಣ ತೆಗೆಯುತ್ತದೆ. ಹಾಳುಬಂಗಲೆಯ ದೆವ್ವಕ್ಕಿಂತ ಈ ದೆವ್ವ ಪಟ್ಟಣದವರಿಗೆ ಹೆಚ್ಚು ಹತ್ತಿರದ್ದು.

ಮನೆಯೊಳಗಿನ ಕತ್ತಲೆ

ಭಯಾನಕ ಚಿತ್ರಗಳೆಲ್ಲ ಆದರಣೀಯವೆಂದು ಇದರ ಅರ್ಥವಲ್ಲ. ಲೆಕ್ಕವನ್ನು ಮರೆತು ರಕ್ತವನ್ನಷ್ಟೇ ಚೆಲ್ಲುವ, ಹೆಣ್ಣಿನ ನರಳಾಟವನ್ನೇ ಮಾರಾಟಕ್ಕಿಡುವ ಚಿತ್ರಗಳು ಹೇರಳವಾಗಿವೆ. ಮೂಢನಂಬಿಕೆಗೆ ನೀರೆರೆಯುತ್ತವೆಂಬ ಆಕ್ಷೇಪವೂ ಹಗುರವಾದದ್ದಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು ಇಂದಿಗೂ ಪೂರ್ತಿಯಾಗಿ ನಿಂತಿಲ್ಲ. ಇಂತಹ ಕ್ರೌರ್ಯವನ್ನು ತಡೆಯಲೆಂದೇ ಕರ್ನಾಟಕವು 2017ರಲ್ಲಿ ಕಾನೂನು ಮಾಡಬೇಕಾಯಿತು.

ಇಲ್ಲಿ 2004ರ 'ಆಪ್ತಮಿತ್ರ'ವನ್ನು ನೆನೆಯಬೇಕು. ಫಾಜಿಲ್ ಅವರ 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್' ಅನ್ನು ಆಧರಿಸಿ ಪಿ. ವಾಸು ನಿರ್ದೇಶಿಸಿದ ಈ ಚಿತ್ರದಲ್ಲಿ, ಗಂಗಾ ಎಂಬ ಗೃಹಿಣಿ ಹಿಂದೆ ರಾಜನಿಂದ ಹತಳಾದ ನರ್ತಕಿ ನಾಗವಲ್ಲಿಯೇ ತಾನೆಂದು ಬಗೆಯುತ್ತಾಳೆ. ಆ ಪಾತ್ರವನ್ನು ಅವಿಸ್ಮರಣೀಯಗೊಳಿಸಿದ ಸೌಂದರ್ಯ, ಚಿತ್ರ ತೆರೆಕಾಣುವ ಮೊದಲೇ ವಿಮಾನಾಪಘಾತದಲ್ಲಿ ತೀರಿಕೊಂಡರು. ಕಥೆಯಲ್ಲಿ ವಿಷ್ಣುವರ್ಧನ್ ನಟಿಸಿದ ಮನೋವೈದ್ಯ ಅವಳನ್ನು ಹೊಡೆದು ಬಡಿದು ದಾರಿಗೆ ತರುವುದಿಲ್ಲ. ನಾಗವಲ್ಲಿಯ ಅಳಲೇನೆಂದು ತಿಳಿಯುತ್ತಾನೆ. ರಾಜನನ್ನು ಕೊಂದೆನೆಂದು ಅವಳು ನಂಬುವಂತೆ ನಾಟಕ ಹೂಡುತ್ತಾನೆ. ಲೆಕ್ಕ ತೀರುತ್ತದೆ, ಗಂಗಾ ಮರಳಿ ಬರುತ್ತಾಳೆ.

ಪ್ರತಿ ಮನೆಯಲ್ಲಿಯೂ ಯಾರೂ ಕೇಳದ ಅಳಲೊಂದು ಮೂಲೆಯಲ್ಲಿ ಕುಳಿತಿರುತ್ತದೆ: ಮಾತು ನಿಲ್ಲಿಸಿದ ಅತ್ತಿಗೆ, ಹೆಸರೆತ್ತಬಾರದ ಚಿಕ್ಕಪ್ಪ, ಫೋಟೋ ತೆಗೆದಿಟ್ಟ ಮಗಳು. ವಿಚಿತ್ರವೆಂದು ತಳ್ಳಿಹಾಕಿದ ಚಿತ್ರ ಕೆಲವೊಮ್ಮೆ ಆ ಮೂಲೆಗೇ ದೀಪ ಹಿಡಿಯುತ್ತದೆ. ಶಿವನಿಯಂತಹ ಊರುಗಳಲ್ಲಿ ಆಟ ಬಿಟ್ಟ ಮೇಲೆ ಕತ್ತಲೆಯ ದಾರಿಯಲ್ಲಿ ನಡೆಯುತ್ತಿದ್ದ ಪ್ರೇಕ್ಷಕನಿಗೆ ಮನೆಯ ದೀಪ ಕಂಡೊಡನೆ ಭಯ ಬಿಡುತ್ತಿತ್ತು. ಮೊಬೈಲಿನಲ್ಲಿ ನೋಡುವವನಿಗೆ ನಡೆಯಬೇಕಾದ ದಾರಿಯಿಲ್ಲ. ಅವನು ಮೊದಲೇ ಮನೆಯೊಳಗಿದ್ದಾನೆ. ಚಿತ್ರ ಮುಗಿದ ಮೇಲೆ ಅವನು ಪಕ್ಕದ ಕೋಣೆಯ ಬಾಗಿಲನ್ನೊಮ್ಮೆ ತಟ್ಟಿ, ಒಳಗಿರುವವರನ್ನು ಮಾತನಾಡಿಸಿದರೆ, ನೋಡಿದ್ದು ಸಾರ್ಥಕ.