ಓರೆ ಗೋಡೆಯ ಮನೆ, ನೇರ ಗೆರೆಯ ಯಂತ್ರ

ನರಗುಂದದ ಗುಡ್ಡವನ್ನು ಬೆನ್ನಿಗಿಟ್ಟು ಮೂಡಲಿಗೆ ಹೊರಟು, ರೋಣವನ್ನು ಹಾದು, ಗಜೇಂದ್ರಗಡದ ಕೋಟೆಯ ಕೆಳಗಿನ ಪೇಟೆಯನ್ನು ಸೇರುವವರೆಗೆ ದಾರಿಯ ಎರಡು ಮಗ್ಗುಲಿಗೂ ಹಬ್ಬಿರುವ ಎರೆಭೂಮಿಯ ನಡುವೆ, ಊರೂರಿನಲ್ಲಿಯೂ ಅಲ್ಲಲ್ಲಿ ಉಳಿದುಬಂದಿರುವ ಮಣ್ಣಿನ ಮಾಳಿಗೆಯ ಮನೆಗಳನ್ನು ಕಂಡವರಿಗೆ, ಅವುಗಳ ಗೋಡೆಗಳು ಎಷ್ಟು ದಪ್ಪವಾದುವೋ ಅಷ್ಟೇ ಸ್ವಚ್ಛಂದವಾದುವೆಂಬುದು ಮೊದಲ ನೋಟಕ್ಕೆ ಹೊಳೆಯಲಾರದು. ಕಲ್ಲು ಮತ್ತು ಮಣ್ಣಿನಿಂದ ಎರಡು ಮೂರು ಅಡಿ ದಪ್ಪಕ್ಕೆ ಎಬ್ಬಿಸಿದ ಆ ಗೋಡೆಯು ಓಣಿಯ ತಿರುವಿಗೆ ತಕ್ಕಂತೆ ಬಾಗಿ, ನೆರೆಮನೆಯ ಗೋಡೆಗೆ ಹೆಗಲು ಕೊಟ್ಟು ನಿಂತಿರುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಎರೆಮಣ್ಣು ತಲೆಮಾರುಗಳ ಕಾಲ ಅದನ್ನು ಅತ್ತಿತ್ತ ಸರಿಸಿರುತ್ತದೆ. ಇಂತಹ ಮನೆಯೊಂದನ್ನು ದುರಸ್ತಿಗಾಗಿಯೋ, ಅಣ್ಣತಮ್ಮಂದಿರ ಪಾಲಿಗಾಗಿಯೋ, ಹಿತ್ತಿಲಲ್ಲಿ ಹೊಸ ಕೋಣೆಯೊಂದನ್ನು ಸೇರಿಸುವುದಕ್ಕಾಗಿಯೋ ಗಣಕಯಂತ್ರದಲ್ಲಿ ನಕ್ಷೆಯಾಗಿಸಲು ಕುಳಿತ ತರುಣರು ಮೊದಲ ದಿನವೇ ಒಂದು ತೊಡಕನ್ನು ಎದುರಿಸುತ್ತಾರೆ. ಅಳತೆ ಹಾಕುತ್ತ ಸುತ್ತಿಬಂದರೆ ಕೊನೆಯ ಗೋಡೆಯು ಮೊದಲ ಗೋಡೆಯನ್ನು ಸೇರುವುದೇ ಇಲ್ಲ. ಆಗ ಬಹುಮಂದಿ ಮನೆಯ ಅಳತೆಯನ್ನೇ ತಿದ್ದಿ, ತೆರೆಯ ಮೇಲೆ ಅಂದವಾದ ಆಯತವೊಂದನ್ನು ಕೂರಿಸಿಬಿಡುತ್ತಾರೆ. ಇದು ನನಗೆ ಬಹಳ ನೋವಿನ ಸಂಗತಿ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆಯು ನರಗುಂದ, ರೋಣ ತಾಲ್ಲೂಕುಗಳ ದಂಡೆಯ ಹಳ್ಳಿಗಳಲ್ಲಿ ಎಷ್ಟೋ ಮಣ್ಣಿನ ಮನೆಗಳನ್ನು ಕೆಡವಿತು. ಬಿದ್ದ ಮನೆಯನ್ನು ಮರಳಿ ಅಳೆಯುವುದು ಯಾರಿಂದಲೂ ಆಗದು. ನಿಂತಿರುವುದನ್ನಾದರೂ ಇದ್ದ ಹಾಗೆಯೇ ಬರೆದಿಡಬೇಕು.

ಯಂತ್ರದ ಸ್ವಭಾವವನ್ನು ಅರಿಯದೆ ಅದರಿಂದ ಕೆಲಸ ಪಡೆಯಲಾಗದು. ಕಾಗದದ ಮೇಲೆ ಎಳೆದ ಗೆರೆ ಮಸಿಯ ಗುರುತು; ನಕ್ಷೆಯ ತಂತ್ರಾಂಶದಲ್ಲಿ ಎಳೆದ ಗೆರೆಯೋ ಎರಡು ಬಿಂದುಗಳ ಸ್ಥಾನವನ್ನು ಹೇಳುವ ಕೆಲವು ಸಂಖ್ಯೆಗಳು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿಯು ತನ್ನ ಡಾಕ್ಟರೇಟ್ ಪದವಿಗಾಗಿ ರಚಿಸಿ 1963ರಲ್ಲಿ ಮಂಡಿಸಿದ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯಲ್ಲಿ, ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ಒರಟಾಗಿ ಗೆರೆಗಳನ್ನೆಳೆದು, ಇವು ಪರಸ್ಪರ ಸಮಾಂತರವಾಗಲಿ, ಇವು ಲಂಬವಾಗಲಿ ಎಂದು ಆಜ್ಞಾಪಿಸಿದರೆ ಯಂತ್ರವೇ ಲೆಕ್ಕ ಹಾಕಿ ಅವುಗಳನ್ನು ತಿದ್ದುತ್ತಿತ್ತು. ನೇರತೆಯ ಮೇಲಿನ ಒಲವು ಹೀಗೆ ಈ ಯಂತ್ರಕುಲಕ್ಕೆ ತೊಟ್ಟಿಲಿನಿಂದಲೇ ಬಂದದ್ದು. 1982ರಲ್ಲಿ ಆಟೋಕ್ಯಾಡ್ ಮೇಜಿನ ಮೇಲಣ ಗಣಕಗಳಿಗೆ ಬಂದಿತು. 2000ದಲ್ಲಿ ಸ್ಕೆಚ್‌ಅಪ್ ಮೂರು ಆಯಾಮದ ಚಿತ್ರಣವನ್ನು ಸುಲಭಗೊಳಿಸಿತು. ಲಿಬ್ರೆಕ್ಯಾಡ್, ಸ್ವೀಟ್ ಹೋಮ್ 3ಡಿ ಮೊದಲಾದವು ಇಂದು ಹಣವಿಲ್ಲದೆಯೇ ದೊರೆಯುತ್ತವೆ. ಇವೆಲ್ಲವೂ ಆ ಮೂಲದ ಒಲವನ್ನು ಬಿಟ್ಟಿಲ್ಲ. ಸ್ವೀಟ್ ಹೋಮ್ 3ಡಿಯಲ್ಲಿ ಗೋಡೆಯನ್ನೆಳೆಯುವಾಗ ಅದು 15 ಡಿಗ್ರಿಗಳ ಗುಣಕಗಳಿಗೆ ಅಂಟಿಕೊಳ್ಳುತ್ತದೆ. ವಿಂಡೋಸ್ ಗಣಕದಲ್ಲಿ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಆ ಅಂಟು ಬಿಡುತ್ತದೆ. ಆಟೋಕ್ಯಾಡಿನಲ್ಲಿ ಎಫ್8 ಕೀಲಿಯು ಲಂಬಗೆರೆಯ ಕಟ್ಟನ್ನು ಸಡಿಲಿಸುತ್ತದೆ. ಹಳೆಯ ಮನೆಯನ್ನು ಬರೆಯುವವನು ಮೊದಲು ಮಾಡಬೇಕಾದ ಕೆಲಸ ಇದು.

ಆದರೆ ಕಟ್ಟು ಬಿಚ್ಚಿದ ಮಾತ್ರಕ್ಕೆ ಓರೆಯೆಷ್ಟೆಂಬುದು ತಿಳಿಯಲಿಲ್ಲವಷ್ಟೆ. ನಾಲ್ಕು ಕೋಲುಗಳನ್ನು ತುದಿತುದಿಗೆ ಒಂದೊಂದೇ ಮೊಳೆ ಹೊಡೆದು ಜೋಡಿಸಿದ ಚೌಕಟ್ಟು ಬದಿಗೆ ಒರಗಬಲ್ಲುದು. ಕೋಲುಗಳ ಉದ್ದ ಕೂದಲಷ್ಟೂ ಬದಲಾಗದೆ ಆಕೃತಿ ಮಾತ್ರ ಬದಲಾಗುತ್ತದೆ. ಅದನ್ನು ಅಲುಗಾಡದಂತೆ ನಿಲ್ಲಿಸುವುದು ಮೂಲೆಯಿಂದ ಮೂಲೆಗೆ ಹೊಡೆದ ಐದನೆಯ ಕೋಲು, ಅರ್ಥಾತ್ ಕರ್ಣ. ಕೋಣೆಗೆ ಎಷ್ಟು ಮೂಲೆಗಳುಂಟೋ ಅದರ ಇಮ್ಮಡಿಯಿಂದ ಮೂರನ್ನು ಕಳೆದರೆ ಬರುವ ಸಂಖ್ಯೆಯಷ್ಟು ಅಳತೆಗಳು ಬೇಕೆಂಬುದು ರೇಖಾಗಣಿತದ ನಿಯಮ: ನಾಲ್ಕು ಮೂಲೆಗೆ ಐದು, ಐದು ಮೂಲೆಗೆ ಏಳು. 12 ಮತ್ತು 16 ಅಡಿಗಳ ಕೋಣೆಯು ಮೂಲೆಮಟ್ಟಕ್ಕೆ ಸರಿಯಾಗಿದ್ದರೆ ಅದರ ಕರ್ಣವು 20 ಅಡಿಯಿರಬೇಕೆಂಬುದನ್ನು ನಮ್ಮ ಗೌಂಡಿಗಳು ಮೂರು, ನಾಲ್ಕು, ಐದರ ಲೆಕ್ಕವಾಗಿ ಬಲ್ಲರು. ಅಂತಹ ಕೋಣೆಯೊಂದರಲ್ಲಿ ಎದುರೆದುರು ಗೋಡೆಗಳು ಸಮವಿದ್ದು, ಒಂದು ಕರ್ಣ 20 ಅಡಿ 3 ಇಂಚು, ಮತ್ತೊಂದು 19 ಅಡಿ 9 ಇಂಚು ಬಂದಿತೆನ್ನೋಣ. ಆ ಕೋಣೆಯು ಒಂದೂವರೆ ಡಿಗ್ರಿಯಷ್ಟು ಓರೆ. 12 ಅಡಿಯ ಗೋಡೆಯ ತುದಿಗೆ ಬರುವಷ್ಟರಲ್ಲಿ ಅದು ಹೆಚ್ಚುಕಡಿಮೆ ನಾಲ್ಕು ಇಂಚು ಸರಿದಿರುತ್ತದೆ. ಕಣ್ಣಿಗೆ ಕಾಣದ ಈ ನಾಲ್ಕು ಇಂಚೇ ನಾಲ್ಕಾರು ಕೋಣೆಗಳಲ್ಲಿ ಕೂಡಿಕೂಡಿ, ಕೊನೆಯ ಗೋಡೆಯು ಮೊದಲನೆಯದನ್ನು ಸೇರದಂತೆ ಮಾಡುವುದು. ತಂತ್ರಾಂಶದಲ್ಲಿ ಇದನ್ನು ಬರೆಯುವ ಉಪಾಯವೂ ಸರಳವಾದುದೇ. ಒಂದು ಗೋಡೆಯನ್ನು ಎಳೆದು, ಅದರ ಒಂದು ತುದಿಯಿಂದ ಪಕ್ಕದ ಗೋಡೆಯ ಉದ್ದಕ್ಕೆ, ಇನ್ನೊಂದು ತುದಿಯಿಂದ ಕರ್ಣದ ಉದ್ದಕ್ಕೆ ಎರಡು ವೃತ್ತಗಳನ್ನು ಬರೆದರೆ, ಅವು ಕೂಡುವ ಬಿಂದುವೇ ಮೂರನೆಯ ಮೂಲೆ. ಕೋನವನ್ನು ಅಳೆಯುವ ಉಪಕರಣವೇ ಬೇಕಿಲ್ಲ; ಟೇಪೊಂದೇ ಸಾಕು.

ಗೋಡೆಯ ದಪ್ಪದ ವಿಚಾರ ಇದಕ್ಕಿಂತ ಜಟಿಲವಾದುದು. ಯಂತ್ರದ ಗೋಡೆಯು ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪದ್ದು. ನಮ್ಮದು ಒಂದು ತುದಿಗೆ ಎರಡಡಿ, ಇನ್ನೊಂದು ತುದಿಗೆ ಎರಡೂಮುಕ್ಕಾಲು. ಆದಕಾರಣ ಗೋಡೆಯ ಸಾಧನವನ್ನು ಬದಿಗಿಟ್ಟು, ಹೊರಮೈಯನ್ನು ಒಂದು ಬಹುಭುಜವಾಗಿಯೂ ಒಳಮೈಗಳನ್ನು ಬೇರೆ ಬೇರೆ ಬಹುಭುಜಗಳಾಗಿಯೂ ಬರೆದು, ನಡುವೆ ಉಳಿದುದನ್ನೇ ಗೋಡೆಯೆಂದು ತುಂಬುವುದು ಲೇಸು. ಒಳಗನ್ನೂ ಹೊರಗನ್ನೂ ಹೊಂದಿಸುವುದೆಂತು? ತಲೆಬಾಗಿಲಿನಿಂದ ಪಡಸಾಲೆಯನ್ನು ಹಾಯ್ದು ಹಿತ್ತಿಲ ಬಾಗಿಲಿನವರೆಗೆ ದಾರವೊಂದನ್ನು ಬಿಗಿದು ಕಟ್ಟಿ, ಒಳಗೂ ಹೊರಗೂ ಎಲ್ಲ ಮುಖ್ಯ ಮೂಲೆಗಳ ದೂರವನ್ನು ಆ ದಾರದ ಮೇಲಿನ ಎರಡು ಗಂಟುಗಳಿಂದ ಅಳೆದುಕೊಳ್ಳಬೇಕು. ಆ ದಾರವು ನಕ್ಷೆಯಲ್ಲಿ ಬೇರೊಂದು ಪದರದ ಗೆರೆಯಾಗಿ ಕೊನೆಯವರೆಗೂ ಇರಲಿ. ಅಚ್ಚಿಗೆ ಕೊಡುವಾಗ ಆ ಪದರವನ್ನು ಮರೆಮಾಡಿದರಾಯಿತು.

ನಮ್ಮ ಕಡೆಯ ಹಿರಿಯರು ಮನೆಯ ಗಾತ್ರವನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ. ಇಷ್ಟು ಅಂಕಣದ ಮನೆಯೆನ್ನುತ್ತಿದ್ದರು. ಕಂಬದಿಂದ ಕಂಬಕ್ಕೆ ತೊಲೆ, ತೊಲೆಯಿಂದ ತೊಲೆಗೆ ಜಂತೆ, ಅದರ ಮೇಲೆ ಮಣ್ಣು. ಭಾರವೆಲ್ಲ ಕಂಬಗಳ ಮೇಲೆ ನಿಲ್ಲುವುದರಿಂದ ಅಂಕಣವೇ ಈ ಮನೆಯ ನಿಜವಾದ ಏಕಮಾನ. ಆದುದರಿಂದ ನಕ್ಷೆಯನ್ನು ಗೋಡೆಯಿಂದ ಆರಂಭಿಸದೆ ಕಂಬಗಳಿಂದ ಆರಂಭಿಸಿದರೆ ಮನೆಯು ತಾನಾಗಿ ಅರ್ಥವಾಗುತ್ತ ಬರುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಎಚ್ಚರಿಕೆ: ಅಂಕಣವೊಂದನ್ನು ಬರೆದು ಅದನ್ನೇ ನಕಲು ಮಾಡುತ್ತ ಹೋಗಬಾರದು, ಏಕೆಂದರೆ ತೊಲೆಗಳು ದೊರೆತ ಮರದ ಉದ್ದಕ್ಕೆ ತಕ್ಕಂತೆ ಇಟ್ಟವು. ನಕಲು ಸಲ್ಲುವುದು ಒಂದೇ ಅಚ್ಚಿನ ಕಿಟಕಿ ಬಾಗಿಲುಗಳಿಗೆ. ಅಥವಾ ಇದೇ ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯಂತಹ ಕೃತಿಗೆ. 24 ಮೊನೆಗಳ ನಕ್ಷತ್ರಾಕಾರದ ಆ ತಳವಿನ್ಯಾಸದ ಮೂಲರೂಪವನ್ನು, ಒಂದು ಚೌಕವನ್ನು ಒಂದೇ ಕೇಂದ್ರದ ಸುತ್ತ 15 ಡಿಗ್ರಿಗೊಮ್ಮೆ ತಿರುಗಿಸುತ್ತ ಆರು ಬಾರಿ ಬರೆದು ಪಡೆಯಬಹುದು. ಇನ್ನು ಮಾಳಿಗೆ: ತಂತ್ರಾಂಶದ ಛಾವಣಿಯ ಸಾಧನವು ಸಾಮಾನ್ಯವಾಗಿ ಇಳಿಜಾರನ್ನೇ ಊಹಿಸಿಕೊಳ್ಳುವುದರಿಂದ, ಮಣ್ಣಿನ ಮಾಳಿಗೆಯನ್ನು ದಪ್ಪನಾದ ನೆಲವೆಂದು ಬರೆದು, ಬೆಳಕಿಂಡಿಗೆ ಅದರಲ್ಲಿ ರಂಧ್ರ ಕೊರೆದು, ಅಂಚಿಗೆ ಕುಂಬಿಯನ್ನು ಗಿಡ್ಡ ಗೋಡೆಯಾಗಿ ಏರಿಸಬೇಕು.

ಮೇಲುನೋಟಕ್ಕೆ ಯಂತ್ರದ ಕಾಯಿಲೆಯಂತೆ ಕಾಣುವ ವಿಚಿತ್ರವೊಂದನ್ನು ಇಲ್ಲಿ ವಿವರಿಸಬೇಕು. ಸರ್ವೆಯ ಕಡತದಿಂದ ನಿವೇಶನದ ಗಡಿಯನ್ನು ತಂದು ಅದರೊಳಗೆ ಮನೆಯನ್ನು ಬರೆಯತೊಡಗಿದಾಗ, ಗೆರೆಗಳು ನಡುಗುತ್ತವೆ. ಹತ್ತಿರ ಹೋದಷ್ಟೂ ಗೋಡೆಗಳು ಗರಗಸದ ಹಲ್ಲುಗಳಂತೆ ಮುರಿಯುತ್ತವೆ. ಸರ್ವೆಯಲ್ಲಿ ಸ್ಥಾನವನ್ನು ಹೆಚ್ಚಾಗಿ ಸಮಭಾಜಕ ವೃತ್ತದಿಂದ ಎಣಿಸುತ್ತಾರೆ. ಗಜೇಂದ್ರಗಡವು ಅಲ್ಲಿಂದ ಸುಮಾರು 1,740 ಕಿಲೋಮೀಟರ್ ಉತ್ತರಕ್ಕಿದೆ. ಮಿಲಿಮೀಟರುಗಳಲ್ಲಿ ಹೇಳಿದರೆ 174 ಕೋಟಿ. ಕಡತವು ಸಂಖ್ಯೆಗಳನ್ನು 64 ಬಿಟ್‌ಗಳಲ್ಲಿ, ಅಂದರೆ 15 ಅಂಕಿಗಳ ನಿಖರತೆಯಿಂದ ಕಾಪಾಡುತ್ತದೆ. ಆದರೆ ತೆರೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಸಾಮಾನ್ಯವಾಗಿ ಬಳಸುವುದು 32 ಬಿಟ್‌ಗಳ ಸಂಖ್ಯೆಗಳನ್ನು, ಅವುಗಳಿಗೆ ನಿಲುಕುವುದು ಏಳು ಅಂಕಿಗಳಷ್ಟೇ. 174 ಕೋಟಿಯ ಆಸುಪಾಸಿನಲ್ಲಿ ಅಂತಹ ಎರಡು ನೆರೆಸಂಖ್ಯೆಗಳ ನಡುವಿನ ಅಂತರ 128 ಮಿಲಿಮೀಟರ್, ಸರಿಸುಮಾರು ಐದು ಇಂಚು. ಒಂಬತ್ತು ಇಂಚಿನ ಇಟ್ಟಿಗೆಗೋಡೆಯ ಅಂಚು ಐದೈದು ಇಂಚಿನ ನೆಗೆತದಲ್ಲಿ ಮೂಡಿದರೆ ನಡುಗದೆ ಏನಾದೀತು? ಪರಿಹಾರವಿಷ್ಟೆ: ತಲೆಬಾಗಿಲ ಹೊಸ್ತಿಲ ಒಂದು ತುದಿಯನ್ನು ಸೊನ್ನೆಯೆಂದು ಆರಿಸಿ, ಇಡೀ ನಕ್ಷೆಯನ್ನು ಅಲ್ಲಿಗೆ ಸರಿಸಿ, ಎಷ್ಟು ಸರಿಸಿದೆವೆಂಬುದನ್ನು ನಕ್ಷೆಯ ಮೂಲೆಯಲ್ಲಿ ಬರೆದಿಡುವುದು. ಇನ್ನೊಬ್ಬರ ಕಡತವನ್ನು ತಂದಾಗ ಮನೆಯು ಒಮ್ಮೆಗೇ ಇಪ್ಪತ್ತೈದು ಪಟ್ಟು ಹಿಗ್ಗಿದರೆ ಅಥವಾ ಕುಗ್ಗಿದರೆ ಅದು ಇಂಚು ಮತ್ತು ಮಿಲಿಮೀಟರುಗಳ ಗೊಂದಲ; 25.4ರಿಂದ ಗುಣಿಸಬೇಕು ಅಥವಾ ಭಾಗಿಸಬೇಕು.

ಗೋಡೆಯನ್ನು ಬಣ್ಣದಿಂದ ತುಂಬಹೊರಟಾಗ ಯಂತ್ರವು ಒಪ್ಪದಿದ್ದರೆ, ಎಲ್ಲಿಯೋ ಎರಡು ಗೆರೆಗಳು ಮುಟ್ಟಿಯೂ ಮುಟ್ಟದಂತಿವೆಯೆಂದು ತಿಳಿಯಬೇಕು. ಆಟೋಕ್ಯಾಡಿನ ಫಿಲೆಟ್ ಆಜ್ಞೆಗೆ ಸೊನ್ನೆ ತ್ರಿಜ್ಯವನ್ನಿತ್ತರೆ ಮೂಲೆ ಕೂಡಿಕೊಳ್ಳುತ್ತದೆ. ಕರೆಂಟು ಹೋಗಿ ಕಡತ ಕೆಟ್ಟರೆ, ಅದೇ ಹೆಸರಿನ ಬ್ಯಾಕ್ ಕಡತದ ಕೊನೆಯ ಮೂರಕ್ಷರಗಳನ್ನು ಡಿಡಬ್ಲ್ಯುಜಿ ಎಂದು ಬದಲಿಸಿದಲ್ಲಿ ಹಿಂದಣ ಸಲ ಉಳಿಸಿದ ರೂಪ ಮರಳಿ ದೊರೆಯುತ್ತದೆ.

ನಕ್ಷೆಯಲ್ಲಿ ಪಡಸಾಲೆ, ದೇವರ ಮನೆ, ಬಚ್ಚಲು ಎಂಬ ಹೆಸರುಗಳು ಕನ್ನಡದಲ್ಲಿಯೇ ಇರಬೇಕೆಂಬುದು ನನ್ನ ಆಗ್ರಹ, ಅದನ್ನು ಓದುವವರು ಗೌಂಡಿ, ಬಡಿಗ ಮತ್ತು ಮನೆಯ ಹೆಂಗಸರಾದುದರಿಂದ. ಕನ್ನಡವನ್ನು ಬರೆದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮೂಡಿದರೆ ಕಾರಣ, ಆಟೋಕ್ಯಾಡಿನ ಹಳೆಯ ಗೆರೆ-ಅಕ್ಷರಗಳಲ್ಲಿ ಕನ್ನಡವೇ ಇಲ್ಲದಿರುವುದು. ತುಂಗಾ ಅಥವಾ ನಿರ್ಮಲದಂತಹ ಯುನಿಕೋಡ್ ಅಕ್ಷರಶೈಲಿಯನ್ನು ಆರಿಸಬೇಕು. ಆಗಲೂ ಒತ್ತಕ್ಷರಗಳು ಚದರಿದರೆ, ಇಂಕ್‌ಸ್ಕೇಪಿನಲ್ಲಿ ಆ ಪದಗಳನ್ನು ಬರೆದು, ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ ತಂದರೆ ಯಾವ ಗಣಕದಲ್ಲಿಯೂ ಕೆಡಲಾರವು. ಅಚ್ಚು ಹಾಕಿಸುವಾಗ ಹಾಳೆಗೆ ಹೊಂದಿಸುವ ಆಯ್ಕೆಯನ್ನು ಬಿಟ್ಟುಬಿಡಬೇಕು, ಅದು ಪ್ರಮಾಣವನ್ನು ಕೆಡಿಸುತ್ತದೆ. ಹಾಗಿದ್ದೂ ಹತ್ತು ಅಡಿಯ ಅಳತೆಪಟ್ಟಿಯೊಂದನ್ನು ನಕ್ಷೆಯಲ್ಲಿಯೇ ಬರೆದಿಟ್ಟರೆ, ಜೆರಾಕ್ಸಿನಲ್ಲಿ ಹಾಳೆ ಕುಗ್ಗಿದರೂ ಪಟ್ಟಿಯು ಜೊತೆಗೇ ಕುಗ್ಗುತ್ತದೆ.

ಕೊನೆಯದಾಗಿ ನೆರಳು. ಸ್ಕೆಚ್‌ಅಪ್‌ನಲ್ಲಿ ಊರನ್ನು ಸೂಚಿಸದೆ ನೆರಳನ್ನು ನೋಡಿದರೆ, ಅದರ ಅನೇಕ ಆವೃತ್ತಿಗಳು ತಮ್ಮ ಹುಟ್ಟೂರಾದ ಅಮೆರಿಕದ ಬೌಲ್ಡರ್ ನಗರದ ಸೂರ್ಯನನ್ನೇ ತೋರಿಸುತ್ತವೆ. ಆ ನಗರವಿರುವುದು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಯ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುತ್ತಾನೆ. ನರಗುಂದ, ರೋಣ, ಗಜೇಂದ್ರಗಡಗಳು ಮೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, 15.7 ಡಿಗ್ರಿಯ ಆಸುಪಾಸಿನಲ್ಲಿವೆ. ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯನು ನಮ್ಮ ನೆತ್ತಿಯನ್ನು ಹಾದು ಉತ್ತರಕ್ಕೆ ಸರಿದು, ಆಗಸ್ಟಿನ ಎರಡನೆಯ ವಾರದ ಹೊತ್ತಿಗೆ ಮರಳಿ ಬರುತ್ತಾನೆ. ಉತ್ತರದ ಕಿಟಕಿಗೆ ಮಧ್ಯಾಹ್ನದ ಬಿಸಿಲು ಬೀಳದೆಂದು ಬೌಲ್ಡರಿನ ನೆರಳನ್ನು ನಂಬಿ ಬರೆದ ನಕ್ಷೆಯು ಈ ಮೂರು ತಿಂಗಳು ಸುಳ್ಳಾಗುತ್ತದೆ. ಅಕ್ಷಾಂಶ ರೇಖಾಂಶಗಳನ್ನೂ ಐದೂವರೆ ಗಂಟೆಯ ಕಾಲವಲಯವನ್ನೂ ಕೊಟ್ಟಾದ ಮೇಲೆ ಪರೀಕ್ಷಿಸಲು ಒಂದು ದಾರಿಯುಂಟು. ನಮ್ಮ ಗಡಿಯಾರವು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಕಾಲವನ್ನು ತೋರಿಸುವುದರಿಂದ, ಗಜೇಂದ್ರಗಡದಲ್ಲಿ ಮೇ ಮೊದಲ ವಾರದ ನಡುಹಗಲು ಒದಗುವುದು 12 ಗಂಟೆ 23 ನಿಮಿಷದ ಸುಮಾರಿಗೆ. ಸೂರ್ಯನು ನೆತ್ತಿಗೆ ಬರುವ ಆ ದಿನ, ಆ ಹೊತ್ತಿಗೆ ಬೆಳಕಿಂಡಿಯ ಕೆಳಗೆ ನಿಂತು ತೂಗುಗುಂಡನ್ನು ಇಳಿಬಿಟ್ಟರೆ ಅದರ ನೆರಳು ಗುಂಡಿನ ನೇರ ಕೆಳಗೇ ನೆಲದ ಮೇಲೆ ಬೀಳುತ್ತದೆ. ತೆರೆಯ ಮೇಲಿನ ಮನೆಯಲ್ಲಿಯೂ ಅದೇ ದಿನ, ಅದೇ ನಿಮಿಷಕ್ಕೆ, ಬೆಳಕಿಂಡಿಯ ಬಿಸಿಲು ಅದರ ನೇರ ಕೆಳಗಿನ ನೆಲದ ಮೇಲೆಯೇ ಬಿದ್ದಿರಬೇಕು.